ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ, ಆಮೆನ್

ನಮ್ಮ ಕ್ರೈಸ್ತರ ಮನೆಗಳಲ್ಲಿ ಮಾತು ಮುಗಿಸಿ ಹೊರಡುವಾಗ ಒಂದು ಮಾತು ಹೇಳುವ ರೂಢಿ ಇದೆ. ಯಾರಿಗೋ ಹುಷಾರಿಲ್ಲ, ಯಾರದೋ ಮಗನಿಗೆ ಕೆಲಸ ಸಿಕ್ಕಿಲ್ಲ, ಯಾರದೋ ಬಾಡಿಗೆದಾರ ಮನೆ ಖಾಲಿ ಮಾಡುತ್ತಿಲ್ಲ, ಏನೇ ಇರಲಿ, ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾ "ಪ್ರಾರ್ಥನೆ ಮಾಡ್ತೀವಿ" ಅನ್ನುತ್ತೇವೆ. ಅವರೂ "ಹೂಂ, ಮಾಡಿ" ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಮಾಡಿದಿರಾ ಎಂದು ಯಾರೂ ತಿರುಗಿ ಕೇಳುವುದಿಲ್ಲ, ಕೇಳುವುದು ಮರ್ಯಾದೆಯೂ ಅಲ್ಲ. ಹುಟ್ಟಿದಾಗಿನಿಂದ ಈ ಏರ್ಪಾಟಿನಲ್ಲೇ ಬೆಳೆದ ನಾನು ಆ ಮಾತನ್ನು ನಮ್ಮ ಓನರ್ ಆಂಟಿಗೆ ಹೇಳಬಾರದಿತ್ತು.

ಓನರ್ ಆಂಟಿ ಎಂದರೆ ಕುರುಬರಹಳ್ಳಿಯಲ್ಲಿ ನಾವು ಬಾಡಿಗೆಗಿರುವ ಮನೆಯ ಒಡತಿ. ಕೆಳಗಿನ ಮನೆಯಲ್ಲಿ ಅವರು, ಮಗ, ಸೊಸೆ. ಮೇಲಿನದರಲ್ಲಿ ನಾನು ಮತ್ತು ನನ್ನ ಯಜಮಾನರು. ಅವರ ಮಾವನ ಕಾಲಕ್ಕೆ ಇಡೀ ಬೀದಿ ಅವರ ರಾಗಿ ಹೊಲವಂತೆ. ಈಗ ಆ ಹೊಲದಲ್ಲಿ ಬಾಡಿಗೆ ಮನೆಗಳು ಬೆಳೆದಿವೆ, ಆದರೆ ಆಂಟಿ ಇನ್ನೂ ಬೆಳಿಗ್ಗೆ ಎದ್ದ ಕೂಡಲೇ ಸೊಂಟದ ಮೇಲೆ ಕೈಯಿಟ್ಟು ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡುತ್ತಾರೆ. ನಾನು ಮಾರೇನಹಳ್ಳಿಯ ಒಂದು ಸಣ್ಣ ಶಾಲೆಯಲ್ಲಿ ಟೀಚರ್. ಹಾಗಾಗಿ ಬೀದಿಗೆಲ್ಲ ನಾನು ಮಿಸ್.

ಜನವರಿಯ ಒಂದು ಸಂಜೆ ಆಂಟಿ ಮೆಟ್ಟಿಲ ಮೇಲೆ ಕೂತು ಅವರೆಕಾಳು ಹಿತುಕುತ್ತಿದ್ದರು. ನಾನು ಶಾಲೆಯಿಂದ ಬಂದೆ. ಮೆಟ್ಟಿಲು ಬಿಡಬೇಕಾದರೆ ಅವರು ಒಂದು ಸುದ್ದಿ ಹೇಳಲೇಬೇಕು, ಅದು ಅಲ್ಲಿನ ಪದ್ಧತಿ. ಅಂದಿನ ಸುದ್ದಿ ನಂದಿನಿ ಲೇಔಟಿನಲ್ಲಿರುವ ಅವರ ಮಗಳದ್ದು.

"ಮತ್ತೆ ನಿಂತೈತೆ ಮಿಸ್," ಎಂದರು ಕಾಳಿನಿಂದ ಕಣ್ಣೆತ್ತದೆ. "ಮುಂಚೆ ಎರಡ್ ಸಲ ಉಳೀಲಿಲ್ಲ. ಈ ಸಲ ಡಾಕ್ಟ್ರು ಹಾಸಿಗೆ ಬಿಟ್ಟು ಏಳ್ಬೇಡ ಅಂದವ್ರೆ. ಆಟೋದಲ್ಲೂ ಕೂರಂಗಿಲ್ಲ. ಇಲ್ಲಿಗೆ ಕರ್ಕೊಂಬರೋಣ ಅಂದ್ರೂ ಆಗಲ್ಲ."

ಅವರ ಕೈ ಕಾಳನ್ನು ಸಿಪ್ಪೆಯ ಕಡೆಗೂ ಸಿಪ್ಪೆಯನ್ನು ಕಾಳಿನ ಕಡೆಗೂ ಹಾಕುತ್ತಿತ್ತು. ನನಗೆ ಪಾಪ ಅನ್ನಿಸಿತು. ಏನಾದರೂ ಹೇಳಬೇಕಿತ್ತು. ರೂಢಿಯ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದಲ್ಲ, ಬಂತು. "ಪ್ರಾರ್ಥನೆ ಮಾಡ್ತೀವಿ ಆಂಟಿ."

ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಓಡುತ್ತಿದ್ದೆ. ಆಂಟಿ ಗೇಟಿನಲ್ಲಿ ನಿಂತಿದ್ದರು.

"ಮಾಡಿದ್ರಾ?"

"ಏನು ಆಂಟಿ?"

"ಪ್ರೇಯರ್ರು."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜಾತಿಯವಳು ನಾನು. "ಹೂಂ ಆಂಟಿ, ಮಾಡ್ದೆ," ಎಂದೆ.

"ಎಷ್ಟೊತ್ಗೆ?"

ಈ ಪ್ರಶ್ನೆಯನ್ನು ನನ್ನ ಅಪ್ಪ ಕೇಳಿರಲಿಲ್ಲ, ನಮ್ಮ ಸಭೆಯ ಪಾದ್ರಿ ಅಯ್ಯನವರೂ ಕೇಳಿರಲಿಲ್ಲ. "ಆರು ಗಂಟೆಗೆ," ಎಂದೆ. ಏಳೂವರೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತೋ, ಈಗಲೂ ಗೊತ್ತಿಲ್ಲ.

"ಆರಕ್ಕೆ ನಾನು ರಂಗೋಲಿ ಹಾಕ್ತೀನಲ್ಲ. ನಿಮ್ಮನೆ ಲೈಟೇ ಉರೀತಿರ್ಲಿಲ್ವಲ್ಲ?"

"ಕತ್ತಲಲ್ಲೇ ಮಾಡ್ದೆ ಆಂಟಿ."

"ಲೈಟ್ ಹಾಕ್ಕೊಂಡ್ ಮಾಡಿ ಮಿಸ್. ಕರೆಂಟ್ ಬಿಲ್ ಎಷ್ಟ್ ಮಹಾ ಬರತ್ತೆ."

ಪ್ರತಿದಿನ ಪ್ರಾರ್ಥನೆ ಮಾಡುವ ಅಭ್ಯಾಸಕ್ಕೆ ನಾನು ಮೊದಲು ಪ್ರಯತ್ನವೇ ಪಟ್ಟಿರಲಿಲ್ಲ ಎಂದಲ್ಲ. ಪ್ರತಿ ಹೊಸ ವರ್ಷದ ಆರಾಧನೆಯಲ್ಲಿ ತೀರ್ಮಾನ ಮಾಡುತ್ತಿದ್ದೆ. ದಿನಕ್ಕೊಂದು ಪುಟ ಧ್ಯಾನಿಸುವ ಪುಸ್ತಕ ತರುತ್ತಿದ್ದೆ, ಅದರಲ್ಲಿ ಸಂಕ್ರಾಂತಿಯಾಚೆಗಿನ ಪುಟಗಳು ಯಾವ ವರ್ಷವೂ ಬೆರಳ ಗುರುತು ಕಂಡಿರಲಿಲ್ಲ. ಮೊಬೈಲಿನಲ್ಲಿ ಚರ್ಚಿನ ಗಂಟೆಯ ಸದ್ದು ಮಾಡುವ ಆ್ಯಪ್ ಹಾಕಿಕೊಂಡೆ. ಅದು ಬಾರಿಸಿದಾಗಲೆಲ್ಲ ನನ್ನ ಕೈ ಒಗ್ಗರಣೆಯಲ್ಲಿರುತ್ತಿತ್ತು. ಚಿಕ್ಕವಳಿದ್ದಾಗ ನಮ್ಮನೆಯಲ್ಲಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ ಇತ್ತು. ಅಪ್ಪ ಲೋಕದ ಸಮಸ್ತ ದೇಶಗಳನ್ನೂ ನೆನೆದು ಮುಗಿಸುವಷ್ಟರಲ್ಲಿ ಸಾರು ತಣ್ಣಗಾಗುತ್ತಿತ್ತು. ಆ ತಣ್ಣನೆಯ ಸಾರಿನ ಮುನಿಸು ನನಗೆ ಬಹಳ ಕಾಲ ಇತ್ತು.

ಈಗ ಬೇರೆ ದಾರಿ ಇರಲಿಲ್ಲ. ಮರುದಿನ ಆರಕ್ಕೆ ಎದ್ದು ಹಾಲ್‌ನ ಲೈಟ್ ಹಾಕಿ ಕಿಟಕಿಯ ಪಕ್ಕ ಕೂತೆ. ಕೆಳಗೆ ಆಂಟಿ ರಂಗೋಲಿ ಡಬ್ಬ ಹಿಡಿದು ತಲೆಯೆತ್ತಿ ನೋಡಿದರು, ನೋಡಿ ಚುಕ್ಕಿ ಇಡಲು ಶುರು ಮಾಡಿದರು.

"ಲೈಟ್ ಹಾಕಿ ಬಂದು ಮಲ್ಕೊಳೇ," ಎಂದರು ನನ್ನ ಯಜಮಾನರು ರಗ್ಗಿನೊಳಗಿಂದ. "ಅವ್ರು ನೋಡೋದು ಲೈಟ್ ತಾನೇ?"

ಹಾಗೆಯೂ ಮಾಡಿ ನೋಡಿದೆ. ನಿದ್ದೆ ಬರಲಿಲ್ಲ. ದೇವರು ಎಷ್ಟೋ ವರ್ಷದಿಂದ ಸುಮ್ಮನಿದ್ದಾನೆ, ಇನ್ನೊಂದು ದಿನ ಸುಮ್ಮನಿರುತ್ತಾನೆ. ಆದರೆ ಕೆಳಗೆ ಒಬ್ಬ ತಾಯಿ ನನ್ನ ಕಿಟಕಿಯನ್ನು ನಂಬಿ ರಂಗೋಲಿ ಹಾಕುತ್ತಿದ್ದಳು. ಎದ್ದು ಹೋಗಿ ಕೂತೆ.

ಹೀಗೆ ನಡೆದುಕೊಂಡು ಹೋಗುವಾಗ ಆಂಟಿಗೆ ಒಂದು ಅನುಮಾನ ಬಂತು. ಒಂದು ಸಂಜೆ ಮೆಟ್ಟಿಲಲ್ಲಿ ತಡೆದು ಕೇಳಿದರು. "ನಮ್ಮ ಹುಡ್ಗೀದು ನಕ್ಷತ್ರ ಹೇಳ್ತೀರಾ?"

"ನಮ್ಮಲ್ಲಿ ನಕ್ಷತ್ರ ಎಲ್ಲ ಹೇಳಲ್ಲ ಆಂಟಿ."

"ಮತ್ತೆ ಯಾರಿಗೆ ಅಂತ ಹೆಂಗೆ ಗೊತ್ತಾಗತ್ತೆ?"

"ಹೆಸರು ಹೇಳ್ತೀನಿ."

"ಅವಳ ಹೆಸ್ರಿನೋರು ನಂದಿನಿ ಲೇಔಟಲ್ಲೇ ಎಷ್ಟ್ ಜನ ಅವ್ರೆ!" ಎಂದು ಗದರಿದರು. ದೇವಸ್ಥಾನದಲ್ಲಿ ಅರ್ಚನೆ ಮಾಡಿಸುವಾಗ ಹೆಸರಿನ ಜೊತೆ ನಕ್ಷತ್ರ, ರಾಶಿ ಹೇಳದಿದ್ದರೆ ಪೂಜಾರರು ತಟ್ಟೆಯನ್ನೇ ಮುಟ್ಟುವುದಿಲ್ಲವಂತೆ. ಅಡ್ರೆಸ್ ಇಲ್ಲದ ಕೊರಿಯರ್ ಯಾರ ಮನೆಗೆ ಹೋಗುತ್ತದೆ ಎನ್ನುವುದು ಅವರ ವಾದ. "ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ. ನಾಳೆಯಿಂದ ಸೇರ್ಸ್ಕೊಳಿ."

ಸೇರಿಸಿಕೊಳ್ಳುವ ಉದ್ದೇಶ ನನಗಿರಲಿಲ್ಲ. ಆದರೆ ಮಾರ್ಚ್ ಬಂತು. ಬೆಳಕು ಬೇಗ ಹರಿಯತೊಡಗಿತು. ಆರು ಗಂಟೆಗೆ ನನ್ನ ಲೈಟ್ ಉರಿಯುತ್ತಿದೆಯೋ ಇಲ್ಲವೋ ಕೆಳಗಿನಿಂದ ಕಾಣದ ಹಾಗಾಯಿತು. "ನಮ್ಮನೇಲಾದ್ರೆ ಗಂಟೆ ಬಾರಿಸ್ತೀವಿ. ನಿಮ್ದು ಸದ್ದೇ ಇಲ್ವಲ್ಲ ಮಿಸ್?" ಎಂದರು. ಕಿಟಕಿ ತೆರೆದು, ಬಾಯಿ ಬಿಟ್ಟು ಪ್ರಾರ್ಥನೆ ಮಾಡಲು ಶುರು ಮಾಡಿದೆ. ಬಾಯಿ ಬಿಟ್ಟ ಮೇಲೆ ಕೆಳಗಿನವರು ಏನನ್ನು ಕೇಳಿಸಿಕೊಳ್ಳಲು ಕಾಯುತ್ತಿದ್ದಾರೆ ಎಂದು ಗೊತ್ತಿದ್ದೂ ಅದನ್ನು ಹೇಳದಿರುವುದು ಕಲ್ಲುಮನಸ್ಸಿನವರ ಕೆಲಸ. ಒಂದು ದಿನ ಹೇಳಿದೆ. ಕೆಳಗೆ ಪೊರಕೆಯ ಸದ್ದು ನಿಂತಿತು. ಮತ್ತೆ ಶುರುವಾಯಿತು. ಅಂದಿನಿಂದ ನನ್ನ ಪ್ರಾರ್ಥನೆ "ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ, ಆಮೆನ್" ಎಂದೇ ಮುಗಿಯುತ್ತಿತ್ತು.

"ಅಯ್ಯನವರಿಗೆ ಗೊತ್ತಾದ್ರೆ?" ಎಂದೆ ಯಜಮಾನರಿಗೆ.

"ಕ್ರಿಸ್ಮಸ್ ನಾಟಕದಲ್ಲಿ ನಕ್ಷತ್ರ ನೋಡ್ಕೊಂಡು ಬಾಲಯೇಸು ಹತ್ರ ಬರೋರು ಯಾರು? ಜೋಯಿಸ್ರೇ ತಾನೇ? ಬಿಡು," ಎಂದು ಮಗ್ಗುಲು ಬದಲಿಸಿದರು.

ಅಯ್ಯನವರಿಗೆ ಗೊತ್ತಾಯಿತು. ವರ್ಷಕ್ಕೊಂದು ಭಾನುವಾರ ನಮ್ಮ ಸಭೆಯಲ್ಲಿ ಹೆಂಗಸರೇ ಆರಾಧನೆ ನಡೆಸುತ್ತಾರೆ. ರೋಗಿಗಳಿಗಾಗಿ, ಪರೀಕ್ಷೆ ಬರೆಯುವ ಮಕ್ಕಳಿಗಾಗಿ, ದೇಶಕ್ಕಾಗಿ ಎಲ್ಲರ ಪರವಾಗಿ ಬೇಡಿಕೊಳ್ಳುವ ಭಾಗ ನನಗೆ ಬಂತು. ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿದೆ. ದಿನವೂ ಮಾಡಿ ಅಭ್ಯಾಸವಾಗಿದ್ದರಿಂದ ಮಾತು ಸರಾಗವಾಗಿ ಹರಿಯಿತು. ನನಗೇ ಹೆಮ್ಮೆಯಾಯಿತು. ದೇಶ ಮುಗಿಯಿತು, ರೋಗಿಗಳು ಮುಗಿದರು. "ಕರ್ತನೇ, ಹಾಸಿಗೆ ಹಿಡಿದಿರುವ ಬಸುರಿಯನ್ನೂ ಅವಳ ಗರ್ಭದ ಕೂಸನ್ನೂ ಕಾಪಾಡು, ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ, ಆಮೆನ್."

ಸಭೆಯಲ್ಲಿ ಯಾರೂ ಆಮೆನ್ ಎನ್ನಲಿಲ್ಲ. ಫ್ಯಾನುಗಳು ತಿರುಗುತ್ತಿದ್ದವು. ಕಣ್ಣು ಬಿಡಲು ಧೈರ್ಯ ಸಾಲದೆ ಮುಚ್ಚಿಕೊಂಡೇ ನಿಂತಿದ್ದೆ. ಸ್ವಲ್ಪ ಹೊತ್ತಿನ ಮೇಲೆ ಅಯ್ಯನವರೇ ದೊಡ್ಡ ದನಿಯಲ್ಲಿ "ಆಮೆನ್" ಎಂದರು. ಆಗ ಉಳಿದವರೂ ಎಂದರು.

ಆರಾಧನೆಯ ನಂತರ ಅವರು ಬಾಗಿಲಲ್ಲಿ ನನ್ನ ಕೈ ಕುಲುಕಿ, "ಅಮ್ಮಾ, ಕರ್ತನಿಗೆ ಅಷ್ಟು ಡೀಟೇಲ್ ಬೇಕಾಗಲ್ಲ," ಎಂದರು. ಸಭೆಯ ಹಿರಿಯರೊಬ್ಬರ ಹೆಂಡತಿ ನನ್ನನ್ನು ನೋಡಿಯೂ ನೋಡದವರಂತೆ ಪಕ್ಕಕ್ಕೆ ಸರಿದರು. ಸ್ಕೂಟರ್ ನಿಲ್ಲಿಸಿದ್ದ ಜಾಗಕ್ಕೆ ಹೋದಾಗ ಅದೇ ಹೆಂಗಸು ಹಿಂದಿನಿಂದ ಬಂದು ದನಿ ತಗ್ಗಿಸಿ, "ಕರ್ಕಾಟಕಕ್ಕೆ ಈ ವರ್ಷ ಚೆನ್ನಾಗಿಲ್ವಂತೆ, ಹೌದಾ?" ಎಂದು ಕೇಳಿದರು.

ಮೇ ತಿಂಗಳಲ್ಲಿ ಒಂದು ಬೆಳಗಿನ ಜಾವ ಜೋರು ಮಳೆ ಬಂತು. ಕರೆಂಟ್ ಹೋಯಿತು. ಆರಕ್ಕೆ ಎದ್ದು ಕಿಟಕಿ ತೆರೆದೆ. ಗೇಟಿನ ಮುಂದೆ ರಂಗೋಲಿ ಇರಲಿಲ್ಲ. ಮಳೆಗೆ ತೊಳೆದು ಹೋಗಿರಬಹುದು ಎಂದುಕೊಂಡೆ. ಆದರೆ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು, ಮಗನ ಕಾರೂ ಇರಲಿಲ್ಲ. ಆಂಟಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಲೆಕ್ಕದ ಪ್ರಕಾರ ಮಗಳಿಗೆ ಏಳನೇ ತಿಂಗಳು.

ಅಂದು ನನ್ನ ಕಿಟಕಿ ನೋಡುವವರು ಯಾರೂ ಇರಲಿಲ್ಲ. ಸದ್ದು ಕೇಳುವವರೂ ಇರಲಿಲ್ಲ. ಹೋಗಿ ಮಲಗಬಹುದಿತ್ತು. ನಾನು ಕೂತೆ. ಕೂತರೆ ಒಂದು ಮಾತೂ ಬರಲಿಲ್ಲ. ಮೈಕಿನ ಮುಂದೆ ಹರಿದ ಮಾತೆಲ್ಲ ಎಲ್ಲಿ ಹೋಯಿತೋ. ನನಗೆ ಭಯವಾಗಿತ್ತು. ಆ ಹುಡುಗಿಯನ್ನು ನಾನು ಸರಿಯಾಗಿ ಮಾತಾಡಿಸಿಯೂ ಇರಲಿಲ್ಲ, ಅವಳ ಮುಖ ನೆನಪಿಗೆ ತಂದುಕೊಂಡರೆ ಅವಳ ತಾಯಿಯ ಮುಖವೇ ಬರುತ್ತಿತ್ತು. ಆದರೂ ಇಷ್ಟು ತಿಂಗಳು ದಿನವೂ ಕರೆದಿದ್ದೆನಲ್ಲ, ಅವಳು ನನ್ನವಳೇ ಆಗಿಬಿಟ್ಟಿದ್ದಳು. ಇದು ಯಾವಾಗ ಆಯಿತು ಎಂದು ನನಗೆ ಗೊತ್ತೇ ಆಗಿರಲಿಲ್ಲ. ಕೊನೆಗೆ ಬಾಯಿಗೆ ಬಂದದ್ದು ಪುಷ್ಯ ನಕ್ಷತ್ರ, ಕರ್ಕಾಟಕ ರಾಶಿ, ಅಷ್ಟೇ. ಅದನ್ನೇ ಮತ್ತೆ ಮತ್ತೆ ಹೇಳಿದೆ. ಯಜಮಾನರು ಎದ್ದು ಬಂದು ಪಕ್ಕದಲ್ಲಿ ಕೂತರು. ಏನೂ ತಮಾಷೆ ಮಾಡಲಿಲ್ಲ.

ಮರುದಿನ ಆರಕ್ಕೆ ಸರಿಯಾಗಿ ನಮ್ಮ ಬಾಗಿಲು ಬಡಿದ ಸದ್ದಾಯಿತು. ಆಂಟಿ. ಮಂಡಿನೋವಿದ್ದ ಅವರು ಮೇಲಿನವರೆಗೆ ಹತ್ತಿ ಬಂದದ್ದನ್ನು ನಾನು ನೋಡಿದ್ದು ಅದೇ ಮೊದಲು. ಹಿಂದಿನ ದಿನದ ಸೀರೆಯಲ್ಲೇ ಇದ್ದರು. ಕುರ್ಚಿ ಕೊಟ್ಟೆ. ಕೂತು ಉಸಿರು ಸುಧಾರಿಸಿಕೊಂಡರು.

"ಹೆಣ್ಮಗು," ಎಂದರು. "ಮಗಳು ಚೆನ್ನಾಗವ್ಳೆ. ಕೂಸು ಗಾಜಿನ ಪೆಟ್ಟಿಗೇಲೈತೆ. ನನ್ನ ಅಂಗೈ ಇಷ್ಟುದ್ದ. ಮುಟ್ಟಕ್ಕೆ ಬಿಡಲ್ಲ. ಏನೂ ಹೇಳಕ್ಕಾಗಲ್ಲ ಅಂತಾರೆ ಡಾಕ್ಟ್ರು."

"ನಾನು ಮಾಡ್ತೀನಿ ಆಂಟಿ, ಪ್ರಾರ್ಥನೆ," ಎಂದೆ. "ಪಾಪುಗೆ ಏನು ಹೆಸರು?"

ನನ್ನನ್ನು ನೋಡಿದರು. "ಹೆಸ್ರು ಎಲ್ಲಿಂದ ಬರತ್ತೆ ಮಿಸ್? ಉಳೀತದೋ ಇಲ್ವೋ ಅನ್ನೋದೇ ಗೊತ್ತಿಲ್ಲ. ಹೆಸ್ರಿಟ್ರೆ ಆಸೆ ಜಾಸ್ತಿ ಆಗತ್ತೆ ಅಂತ ಯಾರೂ ಇಟ್ಟಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡರು. "ಟೈಮ್ ಕೇಳ್ಕೊಂಡು ಕ್ಯಾಲೆಂಡರ್ ನೋಡಿಸ್ದೆ. ಹಸ್ತ ನಕ್ಷತ್ರ, ಕನ್ಯಾ ರಾಶಿ. ಅದರ ಹತ್ರ ಇರೋದು ಅಷ್ಟೇ."

ಅವರು ಎದ್ದು ಹೋಗಲಿಲ್ಲ. ಕೈ ಮುಗಿದು ಕೂತರು. ನಾನು ಕಿಟಕಿಯ ಪಕ್ಕ ಕೂತು, ನಮ್ಮಪ್ಪ ಮಾಡುತ್ತಿದ್ದ ಹಾಗೆ ದನಿಯೆತ್ತಿ, ಕರ್ತನೇ, ಹಸ್ತ ನಕ್ಷತ್ರ ಕನ್ಯಾ ರಾಶಿಯವಳನ್ನು ಉಳಿಸು ಎಂದೆ. ನಾಚಿಕೆಯಾಗಲಿಲ್ಲ. ನಾನಿನ್ನೂ ಮುಗಿಸುವ ಮುಂಚೆಯೇ ಆಂಟಿ ಅಳುತ್ತಾ "ಆಮೆನ್ನು" ಎಂದುಬಿಟ್ಟರು. ಅಡಿಗೆಮನೆಯಿಂದ ಯಜಮಾನರೂ ಎಂದರು.

ಆಂಟಿ ಅಷ್ಟಕ್ಕೇ ಸುಮ್ಮನಿರಲಿಲ್ಲ. ಮಾರಮ್ಮನಿಗೆ ಹರಕೆ ಹೊತ್ತಿದ್ದರು, ಶುಕ್ರವಾರಗಳಂದು ನಿಂಬೆಹಣ್ಣಿನ ದೀಪ ಹಚ್ಚುತ್ತಿದ್ದರು, ಮುನೇಶ್ವರನಿಗೂ ಏನೋ ಒಪ್ಪಿಕೊಂಡಿದ್ದರು. "ಎಲ್ಲಾ ಕಡೆ ಅರ್ಜಿ ಹಾಕಿವ್ನಿ ಮಿಸ್, ನೀವೇನೂ ಬೇಜಾರ್ ಮಾಡ್ಕೋಬೇಡಿ," ಎಂದರು. ನಾನು ಮಾಡಿಕೊಳ್ಳಲಿಲ್ಲ.

ಮಗು ಶ್ರಾವಣದಲ್ಲಿ ಮನೆಗೆ ಬಂತು. ಬಾಣಂತನ ಕೆಳಗಿನ ಮನೆಯಲ್ಲೇ. ನಾಮಕರಣವಾದ ದಿನ ಆಂಟಿ ಒಬ್ಬಟ್ಟಿನ ತಟ್ಟೆ ಹಿಡಿದು ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು, ಹೆಸರು ಹೇಳಿದರು. ಚೆಂದದ ಹೆಸರು. "ಇನ್ಮೇಲೆ ಹೆಸ್ರು ಹಿಡ್ದು ಹೇಳಿ ಮಿಸ್, ಪ್ರೇಯರ್ನಲ್ಲಿ," ಎಂದರು. ಹೂಂ ಎಂದೆ.

ಈಗ ಅವರು ಮಾಡಿದಿರಾ ಎಂದು ಕೇಳುವುದಿಲ್ಲ. ಆರು ಗಂಟೆಗೆ ಮಗುವಿಗೆ ಎಣ್ಣೆ ನೀವುತ್ತಿರುತ್ತಾರೆ, ರಂಗೋಲಿ ಸೊಸೆಯ ಪಾಲಿಗೆ ಬಿದ್ದಿದೆ, ಅವಳಿಗೆ ಮೇಲೆ ನೋಡುವ ಅಭ್ಯಾಸವಿಲ್ಲ. ನಾನು ಮಾತ್ರ ಕಿಟಕಿಯ ಪಕ್ಕ ಕೂರುತ್ತೇನೆ. ಹೆಸರು ಹೇಳಲು ಬಾಯಿ ತೆರೆಯುತ್ತೇನೆ, ಬರುವುದು ಹಸ್ತ ನಕ್ಷತ್ರ, ಕನ್ಯಾ ರಾಶಿ. ಏನೂ ಇಲ್ಲದಿದ್ದಾಗ ಅದನ್ನು ಹಿಡಿದೇ ಕರೆದದ್ದು, ಅದಕ್ಕೇ ಅವಳು ಬಂದದ್ದು. ಕೆಳಗಿನಿಂದ ಅವಳು ಅಳುವುದು ಕೇಳಿಸುತ್ತದೆ. ಈಗ ಬದಲಾಯಿಸಲು ನನಗೆ ಧೈರ್ಯವಿಲ್ಲ.