ಆಹೇರಿಯ ಹೊತ್ತಿಗೆ ಕೈಕೊಟ್ಟ ಟ್ಯಾಬ್

ನಾಟಕಗಳಿಗೆ ಲೈಟು ಹಾಕುವುದು ನಮ್ಮ ಗಂಡ-ಹೆಂಡಿರ ಕಸುಬು. ಮನೆ ಕೊಟ್ಟೂರಿನಲ್ಲಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಯಾವ ಊರಿನವರು ನಾಟಕ ಹಿಡಿದರೂ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ತಂತಿ, ಪೆಟ್ಟಿಗೆ, ಲ್ಯಾಪ್‌ಟಾಪು ನನ್ನ ಪಾಲು. ಬೆಳಕು ನಮ್ಮ ಮನೆಯವರ ಪಾಲು. ಜನರ ಹಿಂದೆ ಕಟ್ಟಿದ ಅಟ್ಟದ ಮೇಲೆ ಕೂತು, ರಂಗವನ್ನೇ ನೋಡುತ್ತ, ಯಾವ ಅಳುವಿಗೆ ಎಷ್ಟು ನೀಲಿ ಬೇಕೆಂದು ಅವರು ಬೆರಳಲ್ಲೇ ಅಳೆಯುತ್ತಿದ್ದರು. ನನಗೆ ಆ ಕಣ್ಣಿಲ್ಲ. ನಾನು ಬೆಳಕು ಬಿಟ್ಟರೆ ಸಾವಿನ ಮನೆಯೂ ಮದುವೆ ಮಂಟಪವಾಗುತ್ತದೆ.

ಹೋದ ವರ್ಷ ಅವರು ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡರು. ಇನ್ನು ಅಟ್ಟ ಹತ್ತುವಂತಿಲ್ಲ ಎಂದುಬಿಟ್ಟರು ಡಾಕ್ಟರು. ಅಂದಿನಿಂದ ಮನುಷ್ಯ ಮೂಲೆ ಹಿಡಿದರು. ಸಾಮಾನನ್ನೆಲ್ಲ ಹಗರಿಬೊಮ್ಮನಹಳ್ಳಿಯ ಶಾಮಿಯಾನದವರೊಬ್ಬರಿಗೆ ಕೊಟ್ಟುಬಿಡುವ ಮಾತು ಶುರುವಾಯಿತು. ನನಗೆ ಸಿಟ್ಟು ನೆತ್ತಿಗೇರಿತು. ಸೊಂಟ ಮುರಿದರೆ ಕಣ್ಣೂ ಹೋದಂತೆಯೇ? ಒಂದು ಟ್ಯಾಬ್ ತಂದೆ. ಲ್ಯಾಪ್‌ಟಾಪಿನಲ್ಲಿರುವ ಲೈಟಿನ ಸಾಫ್ಟ್‌ವೇರನ್ನು ದೂರದಿಂದಲೇ ಆಡಿಸಲು ಒಂದು ಪುಟ್ಟ ವೈಫೈ ಡಬ್ಬಿ ಜೋಡಿಸಿದೆ. ಲ್ಯಾಪ್‌ಟಾಪು, ಡಬ್ಬಿ ಎರಡೂ ರಂಗದ ಪಕ್ಕದ ಸೈಡ್ ವಿಂಗಿನಲ್ಲಿ ನನ್ನ ಮೇಜಿನ ಮೇಲೆ. ಅವರು ಟ್ಯಾಬ್ ಹಿಡಿದು ಜನರ ನಡುವೆ ಕುರ್ಚಿಯ ಮೇಲೆ. ಅಟ್ಟದ ಹಂಗೇ ಬೇಡ.

"ಒಂದು ನಾಟಕ ನೋಡಾಣು. ಇದರಾಗ ಆಗಲಿಲ್ಲಂದ್ರ ಸಾಮಾನು ಕೊಟ್ಟುಬಿಡಾಣು. ಮತ್ತ ನನ್ನ ಮುಂದ ಮಾತು ತೆಗೀಬ್ಯಾಡ," ಎಂದರು ಅವರು.

ಆ ಒಂದು ನಾಟಕ ಹೊಸಹಳ್ಳಿಯ ಆಚೆಗಿನ ಒಂದು ಊರಿನದು, ಶಾಲೆಯ ಬಯಲಿನಲ್ಲಿ. ಮಧ್ಯಾಹ್ನ ಎಲ್ಲ ಸರಿಯಾಗಿ ನಡೆಯಿತು. ಸಂಜೆ ಪೂಜೆ ಮುಗಿಯುವ ಹೊತ್ತಿಗೆ ಟ್ಯಾಬ್ ಸುಮ್ಮನಾಯಿತು. ಓಡಿಹೋಗಿ ನೋಡಿದೆ. ನಮ್ಮ ಡಬ್ಬಿಗೆ ಇಂಟರ್ನೆಟ್ ಇಲ್ಲ. ಲೈಟು ಆಡಿಸಲು ಅದು ಬೇಕಾಗಿಯೂ ಇಲ್ಲ. ಟ್ಯಾಬಿಗೆ ಅಷ್ಟು ತಿಳಿಯಬೇಕಲ್ಲ! ಅದು ಮುನಿಸಿಕೊಂಡು, ಇಂಟರ್ನೆಟ್ ಇದ್ದ ನನ್ನ ಫೋನಿನ ಹಾಟ್‌ಸ್ಪಾಟಿಗೆ ಹೋಗಿ ಸೇರಿಕೊಂಡಿತ್ತು. ಹಾಟ್‌ಸ್ಪಾಟ್ ಆರಿಸಿ, ಟ್ಯಾಬಿನ ನೆನಪಿನಿಂದಲೂ ಅದನ್ನು ಅಳಿಸಿದೆ. ಮತ್ತೆ ಡಬ್ಬಿಗೆ ಹೊಂದಿಕೊಂಡಿತು. ಇಷ್ಟೇ ತಾನೆ ಎಂದು ಬೀಗಿದೆ.

ಮೊದಲ ದೃಶ್ಯಗಳು ಚೆಂದ ನಡೆದವು. ಆಮೇಲೆ ಆಹೇರಿ ಶುರುವಾಯಿತು. ನಮ್ಮ ಕಡೆ ನಾಟಕದ ನಡುವೆ ನಂಟರು ರಂಗಕ್ಕೇ ಹತ್ತಿ ಪಾತ್ರಧಾರಿಗೆ ಹಾರ ಹಾಕಿ, ಬಟ್ಟೆಬರೆ ಉಡುಗೊರೆ ಕೊಡುತ್ತಾರೆ. ಅದು ಮುಗಿಯುವ ತನಕ ಕಥೆ ನಿಂತಲ್ಲೇ ನಿಲ್ಲುತ್ತದೆ. ಅವತ್ತಿನ ನಾಯಕ ಊರಿನ ದರ್ಜಿ, ಮದುವೆ ಗೊತ್ತಾಗಿತ್ತು. ಹೀಗಾಗಿ ಬೀಗರು ದಂಡು ಕಟ್ಟಿಕೊಂಡು ಬಂದಿದ್ದರು, ಶಾಲು ಟವೆಲ್ಲು ಸಾಲದೆಂದು ಸ್ಟೀಲಿನ ಹಂಡೆ, ಕೊಡ, ಹರಿವಾಣಗಳನ್ನೂ ಹೊತ್ತು. ಆಹೇರಿ ಸಾಮಾನು ನೆಲಕ್ಕಿಡುವಂತಿಲ್ಲ. ಸಿಕ್ಕ ಮೇಜು ನನ್ನದೊಂದೇ. ನಾನೋ ತಂತಿ ತುಳಿಯುವವರನ್ನು ಬೈಯುವುದರಲ್ಲಿ ಮುಳುಗಿದ್ದೆ.

ಆಹೇರಿ ಮುಗಿಯಿತು. ಮುಂದಿನದು ಹಾಸಿಗೆ ಹಿಡಿದ ತಾಯಿ ಮಗನ ಕೈಯಲ್ಲಿ ಕಣ್ಣು ಮುಚ್ಚುವ ದೃಶ್ಯ. ಬೆಳಕು ಇಳಿಯಲೇ ಇಲ್ಲ. ಮನೆಯವರು ಫೋನು ಮಾಡಿದರು.

"ಟ್ಯಾಬಿನ ಕನೆಕ್ಷನ್ ಬಿಟ್ಟುಹೋಗೇತಿ. ಡಬ್ಬೀನ ತೋರಿಸವಲ್ದು."

ಕೆಳಗಿನ ಪ್ಲಗ್ ಬೋರ್ಡಿನಲ್ಲಿ ಡಬ್ಬಿಯ ಸ್ವಿಚ್ಚು ಆರಿಸಿ ಹಾಕಿದೆ. ಸಾಫ್ಟ್‌ವೇರ್ ಮುಚ್ಚಿ ತೆರೆದೆ. ಲ್ಯಾಪ್‌ಟಾಪು ಡಬ್ಬಿಯೊಂದಿಗೆ ಮಾತಾಡುತ್ತಲೇ ಇತ್ತು, ಟ್ಯಾಬಿಗೆ ಮಾತ್ರ ಏನೂ ಕೇಳದು. ಹಾರ್ಮೋನಿಯಂ ಮಾಸ್ತರರು ಅದೇ ರಾಗ ಎಳೆಯುತ್ತ ನನ್ನ ಕಡೆ ಕಣ್ಣು ಬಿಟ್ಟರು. ಹಾಸಿಗೆಯ ಮೇಲಿನ ತಾಯಿ ಪಾಪ ಕೆಮ್ಮಿದ್ದೇ ಕೆಮ್ಮಿದ್ದು. ಲ್ಯಾಪ್‌ಟಾಪಿನಿಂದ ನಾನೇ ಬೆಳಕು ಇಳಿಸಬಹುದಿತ್ತು. ಆದರೆ ಇಳಿಸಿದರೆ ಇವರಿಲ್ಲದೆಯೂ ನಡೆಯುತ್ತದೆಂದು ನಾನೇ ತೋರಿಸಿಕೊಟ್ಟಂತೆ. ನನ್ನ ಬೆರಳು ಮುಂದೆ ಹೋಗಲಿಲ್ಲ.

ಅಷ್ಟರಲ್ಲಿ ಅವರೇ ಕೋಲೂರಿಕೊಂಡು ಬಂದರು. ಮುಖ ಇಳಿದಿತ್ತು.

"ನೀನ ಆಡಿಸು ಮಾರಾಯ್ತಿ. ಸಾಕಿದು," ಎಂದು ಟ್ಯಾಬನ್ನು ಮೇಜಿನ ಮೇಲೆ ಇಟ್ಟರು.

ಇಟ್ಟದ್ದೇ ತಡ, ಟ್ಯಾಬಿನ ಮೇಲೆ ಲೈಟಿನ ಗುಂಡಿಗಳೆಲ್ಲ ಮೂಡಿಬಂದವು.

"ಇಲ್ಲಿ ಬರ್ತೈತಲ್ರೀ!" ಎಂದೆ. ಹತ್ತಿರ ಸಿಗುತ್ತದೆ, ದೂರ ಸಿಗುವುದಿಲ್ಲ. ಅಂದರೆ ಡಬ್ಬಿಗೆ ಏನೋ ಅಡ್ಡ ಇದೆ. ಆಗಲೇ ಮೇಜನ್ನು ಸರಿಯಾಗಿ ನೋಡಿದ್ದು. ಡಬ್ಬಿಯೇ ಇಲ್ಲ! ತಂತಿ ಹಿಡಿದು ಹೋದರೆ ಅದು ದೊಡ್ಡ ಹಂಡೆಯೊಳಗೆ ಇಳಿದಿತ್ತು. ಹಂಡೆಯ ಬಾಯಿಗೆ ಹರಿವಾಣ, ಅದರ ಮೇಲೆ ಶಾಲು. ಸರಿಸಿದರೆ ಒಳಗೆ ನಮ್ಮ ಡಬ್ಬಿ ಹಸಿರು ದೀಪ ಮಿಟುಕಿಸುತ್ತ ತಣ್ಣಗೆ ಕೂತಿತ್ತು.

"ಯಕ್ಕಾ, ಅದು ಬಿದ್ದು ಗಿದ್ದೀತಂತ ನಾನ ಜ್ವಾಪಾನ ಮಾಡಿ ಒಳಗ ಇಟ್ಟೀನಿ," ಎಂದಳು ಬೀಗರ ಕಡೆಯ ಒಬ್ಬ ಹೆಂಗಸು, ಹೊಗಳಿಕೆಗೆ ಕಾಯುತ್ತಾ.

ಬೈಯಬೇಕೆಂದು ಬಾಯಿ ತೆರೆದೆ, ನಗು ಬಂದುಬಿಟ್ಟಿತು. ಮನೆಯವರೂ ನಕ್ಕರು. ಎಷ್ಟೋ ತಿಂಗಳ ಮೇಲೆ ಆ ಮನುಷ್ಯ ಹೊಟ್ಟೆ ಹಿಡಿದು ನಕ್ಕಿದ್ದು. ಡಬ್ಬಿಯನ್ನು ಎತ್ತಿ, ಪರದೆಯ ಗಳಕ್ಕೆ ಎತ್ತರದಲ್ಲಿ ಕಟ್ಟಿದೆ. ಅವರು ಕುರ್ಚಿಗೆ ಮರಳಿದರು.

ನಾನು ಲ್ಯಾಪ್‌ಟಾಪಿನ ಮುಂದೆ ಕೈಕಟ್ಟಿ ನಿಂತೆ. ಅದರ ಸ್ಕ್ರೀನಿನ ಮೇಲೆ ನೀಲಿಯ ಗುಂಡಿ ತಾನಾಗಿ ಅಲುಗಿತು. ಮೆಲ್ಲಗೆ ಇಳಿಯಿತು, ನಡುವೆ ಒಂದು ಗಳಿಗೆ ತಡೆಯಿತು, ಮತ್ತೆ ಇಳಿಯಿತು. ಆ ತಡೆಯುವುದು ಇವರದೇ. ಬೇರೆ ಯಾರಿಗೂ ಬರುವುದಿಲ್ಲ. ಬಯಲು ತುಂಬಿದ್ದ ಜನ ಉಸಿರು ಬಿಗಿಹಿಡಿದದ್ದು ವಿಂಗಿನೊಳಗಿದ್ದ ನನಗೂ ಗೊತ್ತಾಯಿತು. ಖುಷಿಗೆ ಕಣ್ಣು ತುಂಬಿ ಗುಂಡಿಯೇ ಕಾಣದಾಯಿತು.

ನಾಟಕ ಮುಗಿದು ತಂತಿ ಸುತ್ತುತ್ತಿದ್ದೆ. ಅವರು ಕುರ್ಚಿಯಲ್ಲಿ ಕೂತು ರಂಗದ ಕಡೆ ಕೋಲು ತೋರಿಸಿದರು.

"ಆ ಎಡಗಡಿ ಲೈಟು ಒಂಚೂರು ತೆಳಗ ಬಾಗೇತಿ ನೋಡು. ಮುಂದಿನ ನಾಟಕಕ್ಕ ಎತ್ತಿ ಕಟ್ಟು."

"ಕಟ್ತೀನ್ರಿ," ಎಂದೆ.