ಏಳು ತಿಂಗಳ ಪ್ರಯಾಣ

ನಾಗಸಂದ್ರದ ಆ ಬಾಡಿಗೆ ಕೋಣೆಯಲ್ಲಿ ಒಂಬತ್ತು ಹೆಂಗಸರು ಕಣ್ಣು ಮುಚ್ಚಿ ಒಟ್ಟಿಗೇ ಗಟ್ಟಿಯಾಗಿ, ಒಬ್ಬೊಬ್ಬರು ತಮ್ಮತಮ್ಮದೇ ಮಾತಿನಲ್ಲಿ ಪ್ರಾರ್ಥಿಸತೊಡಗಿದಾಗ, ನಾನು ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿ ನೋಡಿದೆ. ಎದ್ದು ಹೋಗಬೇಕೆನಿಸಿತ್ತು.

ಬೀದರಿನ ನಮ್ಮ ಚರ್ಚಿನ ಸಭೆಯಲ್ಲಿ ಒಬ್ಬರು ಪ್ರಾರ್ಥಿಸಿದರೆ ಉಳಿದವರು ಕೇಳುತ್ತಾರೆ. ದೇವರಿಗೆ ಹೇಳಿದ್ದು ಊಟದ ಹೊತ್ತಿಗೆ ಓಣಿಗೆಲ್ಲ ಗೊತ್ತು. ಇಲ್ಲಿ ಯಾರದ್ದೂ ಯಾರಿಗೂ ಕೇಳುವುದಿಲ್ಲ. ಎರಡನೇ ಶನಿವಾರದ ಹೊತ್ತಿಗೆ ಈ ಗದ್ದಲ ನನಗೆ ಹಿಡಿಸಿತು.

ಗದ್ದಲ ಶುರುವಾಗುವ ಮೊದಲು ಪ್ರತಿಯೊಬ್ಬರೂ 'ಪ್ರೇಯರ್ ಪಾಯಿಂಟ್' ಹೇಳಬೇಕು, ಅಂದರೆ ತಮಗಾಗಿ ಉಳಿದವರು ಏನು ಬೇಡಿಕೊಳ್ಳಬೇಕೆಂದು. ಸರೋಜಕ್ಕ (ಹೆಸರುಗಳನ್ನು ಬದಲಿಸಿದ್ದೇನೆ) ಗಂಡನ ಕುಡಿತವನ್ನು ಹಾಲು ಒಡೆದ ಸುದ್ದಿಯಂತೆ ಹೇಳುತ್ತಿದ್ದರು. ಗಾರ್ಮೆಂಟ್ಸಿಗೆ ಹೋಗುವ ಸ್ಟೆಲ್ಲಾ ಅತ್ತೆಯ ಬೈಗುಳವನ್ನು ಅತ್ತೆಯ ದನಿಯಲ್ಲೇ ಒಪ್ಪಿಸುತ್ತಿದ್ದಳು. ನಾನು, "ನಮ್ಮವರು ಪ್ರಯಾಣದಲ್ಲಿದ್ದಾರೆ," ಎನ್ನುತ್ತಿದ್ದೆ.

ಮದುವೆಯಾಗಿ ಇಲ್ಲಿಗೆ ಬಂದ ಐದನೇ ತಿಂಗಳಲ್ಲಿ ನನ್ನ ಗಂಡ ಬಟ್ಟೆ ತುಂಬಿಕೊಂಡು ಹೊರಟುಹೋಗಿದ್ದ. 'ಹುಡುಕಬೇಡ' ಎಂದೊಂದು ಮೆಸೇಜು ಬಂದಿತ್ತು, ಅಷ್ಟೇ. ಅದಾದ ಮೇಲೆಯೇ ನಾನು ಈ ಗುಂಪಿಗೆ ಬಂದದ್ದು. ಪೀಣ್ಯದ ಲ್ಯಾಬಿನಲ್ಲಿ ಯಂತ್ರದ ಬಿಡಿಭಾಗಗಳ ಅಳತೆ ಪರೀಕ್ಷಿಸುವವಳು ನಾನು. ಕೂದಲೆಳೆ ಹೆಚ್ಚುಕಡಿಮೆಯಾದರೂ ಒಪ್ಪುವುದಿಲ್ಲ. ಆದರೂ ವಾರವಾರವೂ ಅದೇ ಸುಳ್ಳು ಹೇಳಿದೆ. ಅವರೆಲ್ಲ ಅವನ ಸುಖಪ್ರಯಾಣಕ್ಕಾಗಿ ಬೇಡಿಕೊಂಡರು. ನಿಜವನ್ನು ನಾನು ಗದ್ದಲದೊಳಗೆ ಹೇಳುತ್ತಿದ್ದೆ.

ಸರೋಜಕ್ಕ ಚಪ್ಪಾಳೆ ತಟ್ಟಿದರೆ ಎಲ್ಲರೂ ನಿಲ್ಲಿಸಬೇಕು. ಅವನು ಹೋದ ಏಳನೇ ತಿಂಗಳಲ್ಲಿ ಒಂದು ಶನಿವಾರ ಆ ಚಪ್ಪಾಳೆ ನನಗೆ ಕೇಳಲಿಲ್ಲ.

"ಅವರು ಇನ್ನು ಬರುವುದಿಲ್ಲ, ಕರ್ತನೇ. ಅವ್ವನಿಗೆ ಹೇಗೆ ಹೇಳಲಿ?"

ಕೋಣೆಯಲ್ಲಿ ನನ್ನೊಬ್ಬಳದೇ ದನಿ.

"ಏಳು ತಿಂಗಳು ಅಂದ್ರೆ ಚಂದ್ರಲೋಕಕ್ಕೇ ಹೋಗಿರ್ಬೇಕು ಅಂದ್ಕೊಂಡಿದ್ದೆ ಕಣ್ರೀ," ಎಂದಳು ಸ್ಟೆಲ್ಲಾ.

"ಸುಮ್ನಿರೇ." ಸರೋಜಕ್ಕ ನನ್ನ ಪಕ್ಕಕ್ಕೆ ಸರಿದರು. "ನಮಗೆ ಯಾವಾಗ್ಲೋ ಗೊತ್ತಾಯ್ತು ಕಣಮ್ಮ. ನಿನ್ನ ತಂತಿ ಮೇಲೆ ಗಂಡಸ್ರ ಬಟ್ಟೆ ಒಣಗ್ತಾನೇ ಇರ್ಲಿಲ್ಲ. ನೀನು ಪ್ರಯಾಣ ಅಂದೆ, ನಾವೂ ಪ್ರಯಾಣಕ್ಕೇ ಪ್ರಾರ್ಥನೆ ಮಾಡಿದ್ವಿ."

ಸ್ಟೆಲ್ಲಾ ಟೀ ತಂದಳು. ನಾನು ಅತ್ತು ಮುಗಿಸುವವರೆಗೂ ಲೋಟ ಹಿಡಿದೇ ನಿಂತಿದ್ದಳು. ಮರುದಿನ ಸರೋಜಕ್ಕ ಪಕ್ಕದಲ್ಲಿ ಕೂತು ನನ್ನಿಂದ ಅವ್ವನಿಗೆ ಫೋನು ಮಾಡಿಸಿದರು. ಅವ್ವ, "ಇಲ್ಲಿ ಯಾರ ಮುಂದನೂ ಹೇಳಬ್ಯಾಡವ್ವ," ಎಂದಳು.

ಕ್ರಿಸ್ಮಸ್ಸಿಗೆ ಬೀದರಿಗೆ ಹೋದೆ. ಚರ್ಚಿನಲ್ಲಿ ನಾನು ಹುಟ್ಟಿದಾಗಿನಿಂದ ಕೂತ ಅದೇ ಬೆಂಚು. ಪ್ರಾರ್ಥನೆಯ ಹೊತ್ತಿಗೆ ಅವ್ವ ಎದ್ದು ನಿಂತು, "ಅಳಿಯಂದಿರು ಪ್ರಯಾಣದಾಗ ಅದಾರ್ರಿ," ಎಂದಳು. ಸಭೆಯೆಲ್ಲ ಮೌನವಾಗಿ ಕೇಳಿತು. ನಾಗಸಂದ್ರದ ಗದ್ದಲ ಬೇಕೆನಿಸಿತು ನನಗೆ.

ಅವ್ವನ ಕೈ ಹಿಡಿದುಕೊಂಡು, ಎಲ್ಲರಿಗೂ ಕೇಳುವಂತೆ ಆಮೆನ್ ಎಂದೆ.