ಅಣ್ಣನ ಅಂಗಳದ ಕಡೆಯ ಬೇಲಿ

ಊರವರ ಮನೆಗೆ ಬೇಲಿ ಹಾಕುವುದರಲ್ಲಿ ನಮ್ಮ ತೋಟಗಾರನದು ಎತ್ತಿದ ಕೈ. ಗಿರಾಕಿಯ ಜಗಲಿಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು, "ಏನು ಕಾಣಬಾರ್ದು, ಅದನ್ನ ಮೊದ್ಲು ಹೇಳಿ" ಅನ್ನುತ್ತಿದ್ದ. ಪಕ್ಕದ ಮನೆಯ ಬಚ್ಚಲೋ ಕಿಟಕಿಯೋ, ಆ ಕಡೆ ಒಬ್ಬರನ್ನು ನಿಲ್ಲಿಸಿ, ತಲೆ ಎಲ್ಲಿಯವರೆಗೆ ಕಾಣುತ್ತದೆ ಎಂದು ನೋಡಿಕೊಂಡೇ ಗಿಡ ಆರಿಸುವುದು ಅವನ ಪದ್ಧತಿ. ಹೊರದೇಶದ ಶೋಕಿ ಗಿಡ ಕೇಳಿದವರಿಗೆ ಬೈಗುಳ ಗ್ಯಾರಂಟಿ. "ಈ ಮಣ್ಣಲ್ಲೇ ಹುಟ್ಟಿದ್ದು ಹಾಕಿ ಸ್ವಾಮಿ, ಮುದ್ದು ಮಾಡೋ ಕೆಲ್ಸ ಇರಲ್ಲ."

ಅವನ ಸ್ವಂತ ಮನೆಗೆ ಅಂಟಿಕೊಂಡೇ ಅಣ್ಣನ ಗುಜರಿ. ತುಕ್ಕು ಹಿಡಿದ ಡ್ರಮ್ಮು, ಮುರಿದ ಸೈಕಲ್ಲು, ನಡುವೆ ಹರಕು ಬನಿಯನ್ನಿನಲ್ಲಿ ಕೂತು ತಗಡು ಬಡಿಯುವ ಅಣ್ಣ. ತನ್ನ ಮಗಳು ಕೆಲಸಕ್ಕೆ ಸೇರಿ, ನಾಲ್ಕು ಜನ ಮನೆಗೆ ಬರತೊಡಗಿದ ಮೇಲೆ ಆ ನೋಟ ತೋಟಗಾರನ ಕಣ್ಣು ಚುಚ್ಚಿತು. ಬಾಯಿಬಿಟ್ಟು ಹೇಳುವ ಧೈರ್ಯವಿಲ್ಲ.

"ಅಣ್ಣಾ, ರಸ್ತೆ ಧೂಳು ಜಾಸ್ತಿ ಆಯ್ತು, ಒಂದು ಬೇಲಿ ಹಾಕ್ತೀನಿ. ಸ್ವಲ್ಪ ಅಲ್ಲಿ ನಿಂತ್ಕೋ."

"ಇಲ್ಲೇನೋ?" ಎನ್ನುತ್ತಾ ಅಣ್ಣ, ಫೋಟೋ ತೆಗೆಸಿಕೊಳ್ಳುವವನ ಹಾಗೆ ಸೆಟೆದು ನಿಂತ. ನಕ್ಕ ಕೂಡ. ತಮ್ಮನಿಗೆ ನಾಚಿಕೆಯಾಯಿತು. ಆದರೂ ಅಳತೆ ಬಿಡಲಿಲ್ಲ, ಮಹಾನುಭಾವ.

ಗೋರಂಟಿ ಬೇಡವೆಂದುಕೊಂಡ, ಬುಡ ಬರಿದಾಗಿ ಆಚೆಯವರ ಕಾಲು ಕಾಣುತ್ತದೆ. ಮುಂದಿನ ಸಾಲಿಗೆ ನೆಲದಿಂದಲೇ ದಟ್ಟವಾಗುವ ಆಡುಸೋಗೆ. ಹಿಂದೆ ಲಕ್ಕಿ ಗಿಡ, ಎಷ್ಟು ಕತ್ತರಿಸಿದರೂ ಚಿಗುರುವಂಥದು. ಎತ್ತರಕ್ಕೆ ಪಾರಿಜಾತ. ಒಂದರ ಸಂದಿಗೆ ಇನ್ನೊಂದು ಬರುವಂತೆ ನೆಟ್ಟ. ಬೇಸಿಗೆಯಲ್ಲಿ ಅಣ್ಣನೂ ತನ್ನ ಕಡೆಯಿಂದ ನೀರು ಹೊಯ್ದ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಣ್ಣ ಪೂರ್ತಿ ಮರೆಯಾದ.

ಮಗಳು ಮೆಚ್ಚಿದ ಹುಡುಗನ ಅಪ್ಪ ಅಮ್ಮ ಬಂದ ದಿನ ಜಗಲಿಯಲ್ಲೇ ಚಹಾ. ಹುಡುಗನ ತಾಯಿ ಬೇಲಿಯನ್ನು ಬಾಯ್ತುಂಬ ಹೊಗಳಿದರು, ತೋಟಗಾರ ಉಬ್ಬಿಹೋದ. ಅಷ್ಟರಲ್ಲಿ ಆಚೆಯಿಂದ ಢಣ್ ಢಣ್ ಶುರುವಾಯಿತು. ಜನ್ಮವಿಡೀ ಗಿರಾಕಿಗಳ ಕಣ್ಣಿನ ತಕರಾರನ್ನೇ ಕೇಳಿದವನಿಗೆ, ಮನುಷ್ಯನಿಗೆ ಕಿವಿಯೂ ಇದೆ ಎಂಬುದು ಮರೆತೇ ಹೋಗಿತ್ತು.

"ಯಾರ್ರೀ ಅಲ್ಲಿ?" ಹುಡುಗನ ತಂದೆ ಕೇಳಿದರು.

ತೋಟಗಾರ ಸದ್ದಿಗಿಂತ ದನಿ ಏರಿಸಿಯೇ ಹೇಳಿದ: "ಯಾರೋ ಗುಜರಿಯವ್ನು. ನಮಗೇನೂ ಪರಿಚಯ ಇಲ್ಲ."

ಸುತ್ತಿಗೆ ನಿಂತಿತು.

ಬಿಸ್ಕತ್ತಿನ ತಟ್ಟೆ ತಂದ ಮಗಳು ಅಪ್ಪನನ್ನು ಒಮ್ಮೆ ನೋಡಿ, ತಟ್ಟೆ ಇಟ್ಟು ಒಳಗೆ ಹೋದಳು. ಅವನ ಮುಖ ಕಾದುಹೋಯಿತು. 'ತಪ್ಪಿ ಹೇಳ್ದೆ, ಅವ್ನು ನನ್ನ ಒಡಹುಟ್ಟಿದ ಅಣ್ಣ' ಅಂದಿದ್ದರೆ ಆಗಲೂ ತಡವಾಗಿರಲಿಲ್ಲ. ಬದಲಿಗೆ ತಟ್ಟೆಯನ್ನು ಬಂದವರ ಮುಂದೆ ಸರಿಸಿದ. ಅವರು ಏನೇನೋ ಮಾತಾಡಿದರು, ಇವನು ಹೂಂ ಹೂಂ ಅಂದ, ಅಷ್ಟೂ ಹೊತ್ತು ಬೇಲಿಯ ಆಚೆ ಒಂದು ಕೆಮ್ಮೂ ಕೇಳಿಸಲಿಲ್ಲ. ತನ್ನಷ್ಟು ನೀಚ ಇನ್ನೊಬ್ಬನಿಲ್ಲ ಅನಿಸಿತು.

ಬಂದವರ ಕಾರು ತಿರುವು ದಾಟಿದ ಮೇಲೆ ಬೇಲಿಯ ಹತ್ತಿರ ಹೋಗಿ ನಿಂತ. ಒಣಗಿದ ಎಲೆ ಕೀಳತೊಡಗಿದ. ಎಲೆಗಳ ಹಿಂದಿನಿಂದ ಅಣ್ಣನೇ, ಯಾರಿಗೂ ಕೇಳಿಸಬಾರದೆಂಬಂತೆ ಮೆಲ್ಲಗೆ ಕೇಳಿದ:

"ಹೋದ್ರೇನೋ ಅವ್ರು? ಈಗ ಬಡೀಬಹುದಾ?"